ತೂತಿಲ್ಲದ ಮಣಿ

ಕಬ್ಬಿಣದ ರುಚಿ, ನಾಲಿಗೆಯ ಕೆಳಗೆ ತಣ್ಣಗೆ, ಕಡಲೆಕಾಳಿನಷ್ಟೇ ಇದೆ ಹಾಳಾದ್ದು, ಜೇಬು ಹರಿದಿದೆ ಅಂತ ಬಾಯಿಗೆ ಹಾಕಿಕೊಂಡದ್ದು, ನುಂಗಿಬಿಟ್ಟೀಯ ಮಕ್ಬೂಲ, ಹುಷಾರು — ಟಿವಿಎಸ್ಸು ಗುಂಡಿಗಿಳಿದು ಎದ್ದಾಗ ಅದು ಹಲ್ಲಿಗೆ ತಾಗಿ ಟಿಕ್ಕೆಂದಿತು, ಯಾ ಅಲ್ಲಾ, ಹೊಂಗನೂರು ಇನ್ನೂ ಎಷ್ಟು ದೂರ, ಆ ಮಿನಿ ಟ್ರಾಕ್ಟರು ಹಿಪ್ಪುನೇರಳೆ ಸಾಲಿನಲ್ಲಿ ತೆವಳುವಂಥದ್ದು, ರಸ್ತೆಯಲ್ಲಿ ಓಡುವ ಗಾಡಿಯಲ್ಲ, ಆದರೆ ಕೂತವಳು ಕಾವೇರಮ್ಮ, ಎತ್ತಿನ ಗಾಡಿಯನ್ನೂ ಜೋರಾಗಿಯೇ ಓಡಿಸುವವಳು, ಮಡ್‌ಗಾರ್ಡಿನ ಮೇಲೆ ಸೊಸೆ ಲತಾಮಣಿ ಬೇರೆ, ಬಾಣಂತನ ಮುಗಿಸಿ ಈಗಷ್ಟೇ ಬಂದ ಹುಡುಗಿ, ಹೊರಟಾಗ ಒಂದು ಕೈಯಲ್ಲಿ ಕಂಬಿ ಹಿಡಿದು ನಗುತ್ತಾ ಕೂತಿದ್ದಳು. ಸ್ಟೇರಿಂಗಿನಿಂದ ಎಣ್ಣೆ ಸೋರಿ ಸೀರೆಯೆಲ್ಲ ಹಾಳು ಕಣಪ್ಪ ಅಂತ ಕಾವೇರಮ್ಮ ಇವನ ರಿಪೇರಿ ಅಂಗಡಿಗೆ ತಂದಿದ್ದು, ಅವನು ಸ್ಟೇರಿಂಗಿನ ವಾಲ್ವು ಬಿಚ್ಚಿದ, ಡೀಸೆಲ್ಲಿನಲ್ಲಿ ತೊಳೆದ, ಬಿಚ್ಚಿದ್ದನ್ನೆಲ್ಲ ಹೆಂಡತಿ ಬದ್ರುನ್ನೀಸಾಳ ಮಣಿ ತಟ್ಟೆಯಲ್ಲಿ ಹರಡಿದ — ಅದೇ ರೂಢಿ, ಬೊಂಬೆ ಕೆಲಸದ ಮನೆಯಲ್ಲಿ ಸಣ್ಣದೇನಿದ್ದರೂ ಮಣಿ ತಟ್ಟೆಗೇ, ಅಂಚಿದೆ, ಉರುಳುವುದಿಲ್ಲ, ಮೂಲೆಯಲ್ಲಿ ಅವಳ ಅರಗಿನ ಮಣಿಗಳು, ಕೆಂಪು, ಹಳದಿ, ಇರಲಿ ಬಿಡು ಅಂದುಕೊಂಡ — ಹೊಸ ಸೀಲು ಹಾಕಿ ಕಟ್ಟಿದ, ಒಂದು ತೊಟ್ಟು ಸೋರಲಿಲ್ಲ, ಟ್ರಾಕ್ಟರು ಹೊರಟು ಹೋಯಿತು, ಆಮೇಲೆ ಹೆಂಡತಿ ಸೂಜಿ ಹಿಡಿದು ಕೂತವಳು ಇದೇನು ಈ ಮಣಿಗೆ ತೂತೇ ಇಲ್ಲವಲ್ಲ ಎಂದಳು, ಮಣಿಯಲ್ಲ, ವಾಲ್ವಿನೊಳಗಿರಬೇಕಾದ ಉಕ್ಕಿನ ಗುಂಡು, ಅವನು ಅದನ್ನು ಕಿತ್ತುಕೊಂಡು ಟಿವಿಎಸ್ಸು ಹತ್ತಿದ.

ಗುಂಡಿಲ್ಲದಿದ್ದರೂ ಸ್ಟೇರಿಂಗು ಸಮನೆಲದಲ್ಲಿ ಬೆಣ್ಣೆಯ ಹಾಗೆ ತಿರುಗುತ್ತದೆ, ಅದೇ ಮೋಸ, ಅಂಗಡಿಯ ಮುಂದೆ ತಿರುಗಿಸಿ ಮೆರೆದದ್ದೇ ಮೆರೆದದ್ದು, ನೋಡಕ್ಕ ಒಂದೇ ಬೆರಳು ಸಾಕು, ಹಾಗಂದವನು ಇವನೇ, ಕಾವೇರಮ್ಮ ಒಂದೇ ಬೆರಳಿನಲ್ಲಿ ತಿರುಗಿಸಿ ಅಯ್ ಇದು ಮಕ್ಕಳಾಟ ಆಗ್ಬುಡ್ತಲ್ಲಪ್ಪ ಅಂದಳು, ಈಗ ಹಾಗೇ ಹಿಡಿದಿರುತ್ತಾಳೆ, ಒಂದು ಕೈ, ಹೆಬ್ಬೆರಳು ಸ್ಟೇರಿಂಗಿನ ಕಂಬಿಯ ಒಳಗೆ, ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಎಣ್ಣೆ ಹಿಂದಕ್ಕೆ ನುಗ್ಗುತ್ತದೆ, ನುಗ್ಗದಂತೆ ತಡೆಯಬೇಕಾದದ್ದು ಇಲ್ಲಿ ಇವನ ಬಾಯಲ್ಲಿದೆ, ಆಗ ಸ್ಟೇರಿಂಗು ಕೈಯಿಂದ ಕಿತ್ತುಕೊಂಡು ಗಿರ್ರನೆ ತಿರುಗುತ್ತದೆ, ಹಿಡಿದವರಿಲ್ಲದೆ — ಬೇಡ, ಅದನ್ನು ನೆನೆಯಬೇಡ, ರಸ್ತೆ ನೋಡು. ಫೋನು ಮಾಡಿದ್ದಾಯಿತು, ಅವಳ ಎಲೆಅಡಿಕೆ ಚೀಲದೊಳಗೆ ಬಡಿದುಕೊಳ್ಳುತ್ತಿರುತ್ತದೆ, ಟ್ರಾಕ್ಟರಿನ ಸದ್ದಿನಲ್ಲಿ ಯಾರಿಗೆ ಕೇಳೀತು. ತೋಟದಲ್ಲಿ ಆಗಿದ್ದರೆ ಹೋಗಲಿ, ಗಿಡ ನಾಲ್ಕು ಮುರಿದಾವು, ಆದರೆ ಅವರ ದಾರಿ ಕೆರೆ ಏರಿಯ ಮೇಲೆ, ಏರಿಗೆ ಜಲ್ಲಿ ಸುರಿದಿದ್ದಾರೆ, ಒಂದು ಕಡೆ ನೀರು, ಒಂದು ಕಡೆ ಆಳದ ಗದ್ದೆ, ತಿರುಗುತ್ತದೆ, ಗಿರ್ರನೆ, ಲತಾಮಣಿಯ ಕೈ ಕಂಬಿ ಬಿಡುತ್ತದೆ, ಮಗುವಿಗಿನ್ನೂ ಹೆಸರಿಟ್ಟಿಲ್ಲವಂತೆ, ಸುಮ್ಮನಿರು, ಸುಮ್ಮನಿರೋ ಪಾಪಿ, ಏನೂ ಆಗಿಲ್ಲ, ನಿನ್ನ ಬಾಯಿಗಿಷ್ಟು — ಬಾಯಲ್ಲಿ ಕಬ್ಬಿಣ, ಎಂಜಲು ಒಸರಿ ಒಸರಿ ಗಂಟಲಿಗಿಳಿಯುತ್ತಿದೆ.

ಏರಿ ಕಂಡಿತು. ಟ್ರಾಕ್ಟರು ಕಂಡಿತು, ನಿಂತಿದೆ, ಓರೆಯಾಗಿ, ಮುಂದಿನ ಒಂದು ಚಕ್ರ ಏರಿಯ ಅಂಚು ದಾಟಿ ನೀರಿನ ಮೇಲೆ, ಸೀಟಿನಲ್ಲಿ ಯಾರೂ ಇಲ್ಲ, ಯಾರೂ ಇಲ್ಲ, ಅವನ ಕಾಲು ನೆಲಕ್ಕೆ ಸಿಕ್ಕದೆ ಟಿವಿಎಸ್ಸು ಮಗುಚಿತು, ಎದ್ದ, ಓಡಿದ, ಟ್ರಾಕ್ಟರಿನ ಮರೆಯಲ್ಲಿ ಇಬ್ಬರೂ ಕೂತಿದ್ದಾರೆ, ಇದ್ದಾರೆ, ಜೀವದಿಂದ ಇದ್ದಾರೆ, ಕಾವೇರಮ್ಮ ಬಲಗೈಯ ಹೆಬ್ಬೆರಳಿಗೆ ಸೆರಗು ಸುತ್ತಿಕೊಂಡಿದ್ದಾಳೆ, ಬೆರಳು ಬದನೆಕಾಯಿಯ ಹಾಗೆ ಊದಿದೆ, ಅವನನ್ನು ಕಂಡದ್ದೇ ಮುಖ ಅರಳಿತು. ದೇವ್ರು ಬಂದಂಗೆ ಬಂದೆ ಕಣಪ್ಪ, ಎಂದಳು ಕಾವೇರಮ್ಮ, ಒಂದು ಕಲ್ಲು ಸಿಗ್ತು, ಹಿಡ್ಯಕಾಗ್ಲಿಲ್ಲ ನನ್ ಕೈಲಿ, ನೀನ್ ಮಾಡಿರೋ ಕೆಲ್ಸದಾಗೆ ಏನೂ ಊನ ಇರಾಕಿಲ್ಲ, ನನ್ಗೇ ವಯಸ್ಸಾಯ್ತು, ಇನ್ಮ್ಯಾಕೆ ನಾನು ಟ್ರಾಕ್ಟರು ಮುಟ್ಟಾಕಿಲ್ಲ. ಊರಿಗೆಲ್ಲ ಟ್ರಾಕ್ಟರು ಕಾವೇರಮ್ಮ ಎಂದೇ ಗೊತ್ತಿರುವವಳು ಇದನ್ನು ತಲೆ ತಗ್ಗಿಸಿ ಹೇಳುತ್ತಿದ್ದಾಳೆ, ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದಾಳೆ. ಹೂಂ ಅಂದುಬಿಡು, ಒಂದು ಹೂಂ ಸಾಕು, ಗಾಡಿಯನ್ನು ಅಂಗಡಿಗೆ ಎಳೆಸು, ಗುಂಡು ಹಾಕು, ಯಾರಿಗೆ ಗೊತ್ತಾಗಬೇಕು — ಕಾವೇರಮ್ಮ ಕೀ ಚಾಚಿದಳು, ನೀನೇ ಓಡಿಸ್ಕಂಡು ಮನೆ ತಂಕ ಬುಟ್ಬುಡು, ಸೊಸೆಯ ಕಡೆ ತಿರುಗಿ, ಹತ್ತವ್ವ, ಮಕ್ಬೂಲು ಕೈ ಅಂದ್ರೆ ಹೆದ್ರಿಕೆ ಇಲ್ಲ, ಮಗ ಹಾಲಿಗೆ ಅಳ್ತಿರ್ತದೆ. ಲತಾಮಣಿ ಕಣ್ಣೊರೆಸಿಕೊಂಡು ಎದ್ದಳು, ಕಂಬಿ ಹಿಡಿದಳು, ಒಂದು ಕಾಲು ಮೇಲಿಟ್ಟಳು.

ಅವನು ಗುಂಡನ್ನು ಅಂಗೈಗೆ ಉಗುಳಿದ. ಇದು ಒಳಗಿರ್ಬೇಕಿತ್ತು ಕಾವೇರಕ್ಕ, ಹಾಕೋದು ಮರ್ತೆ, ತಪ್ಪು ನಿನ್ ಕೈದಲ್ಲ. ಅವಳು ಎಂಜಲಾಗಿ ಹೊಳೆಯುವ ಆ ಕಾಳನ್ನು ನೋಡಿದಳು, ತನ್ನ ಹೆಬ್ಬೆರಳು ನೋಡಿದಳು, ಎಡಗೈಯಲ್ಲಿ ಸೊಸೆಯ ರಟ್ಟೆ ಹಿಡಿದು ಕೆಳಗಿಳಿಸಿದಳು, ಅವಳನ್ನು ಬೆನ್ನ ಹಿಂದೆ ಮಾಡಿಕೊಂಡು ಅವನಿಗೆ ಎದುರಾಗಿ ನಿಂತಳು, ಅವನನ್ನು ಕಂಡರೆ ಹೆದರಬೇಕಾದವರ ಹಾಗೆ, ಮತ್ತೆ ಅದೇ, ಕಣ್ಣು ಮುಚ್ಚಿದರೂ ಅದೇ, ಸ್ಟೇರಿಂಗು, ಹಿಡಿದವರಿಲ್ಲ, ತಿರುಗುತ್ತಿದೆ, ತಿರುಗುತ್ತಿದೆ