ಎಡಕ್ಕೆ ಬೀಳುವ ಛರ್ರಾ

ಶಗುಫ್ತಾಳ ಗುರಿ ತಪ್ಪುತ್ತಿತ್ತು ಎಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ಗುರಿ ತಪ್ಪುವವರು ಒಂದು ಮೇಲೆ, ಒಂದು ಕೆಳಗೆ, ಇನ್ನೊಂದು ಗೋಡೆಗೆ ಅಂತ ಎಲ್ಲೆಂದರಲ್ಲಿ ಚೆಲ್ಲುತ್ತಾರೆ. ಇವಳದು ಹಾಗಲ್ಲ. ಎಷ್ಟು ಹೊಡೆದರೂ ಅಷ್ಟೂ ಛರ್ರಾ, ಅಂದರೆ ಸೀಸದ ಪುಟ್ಟ ಗುಂಡು, ಗುರಿಕಾಗದದ ಕರೀ ಗೋಲದ ಎಡ ಅಂಚಿನಲ್ಲೇ, ಒಂದರ ಮೈಮೇಲೆ ಒಂದು ಬಿದ್ದು, ಕಾಗದದಲ್ಲಿ ಒಂದೇ ದೊಡ್ಡ ತೂತು ಮಾಡುತ್ತಿದ್ದವು. ನಡುವಿನ ಹತ್ತು ಅಂಕದ ಮನೆ ಮಾತ್ರ ಹೊಸ ಕಾಗದದಷ್ಟೇ ಸ್ವಚ್ಛವಾಗಿರುತ್ತಿತ್ತು.

"ಇಷ್ಟು ಛಂದ ತಪ್ಪು ಹೊಡಿಯೋರನ್ನ ನಾ ಎಲ್ಲೂ ನೋಡಿಲ್ಲವ್ವಾ," ಅಂದ ಜಗದೇವಪ್ಪ, ಕಾಗದವನ್ನು ಬೆಳಕಿಗೆ ಹಿಡಿದು.

ಜಗದೇವಪ್ಪ ಸೇಡಂ ಕಡೆಯವನು. ಸೈನ್ಯದ ಪಟಾಲಮ್ಮಿನಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಬೈಸಿಕೊಳ್ಳುವ ಬದಲು, ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಏರ್ ಪಿಸ್ತೂಲು ಕಲಿಸುವ ಕ್ಲಬ್ಬು ಶುರುಮಾಡಿದ್ದ. ಫರಸಿ ಕಲ್ಲು ಹೋಗಿ ಎಷ್ಟೋ ವರ್ಷವಾದರೂ ಗೋಡೆಯ ಧೂಳು ಹೋಗಿರಲಿಲ್ಲ. ಬಂದವರೆಲ್ಲ ಮೊದಲು ಕೆಮ್ಮಿ, ಆಮೇಲೆ ಸಲಾಂ, ಶರಣು ಹೇಳುತ್ತಿದ್ದರು.

ಶಗುಫ್ತಾ ಅಲ್ಲಿಗೆ ವಾಡಿಯಿಂದ ಪ್ಯಾಸೆಂಜರ್ ಗಾಡಿ ಹಿಡಿದು ಬರುತ್ತಿದ್ದಳು. ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ಮೂವತ್ತಾರು ದಾಟಿದ ಹೆಂಗಸು, ಇಬ್ಬರು ಮಕ್ಕಳ ತಾಯಿ, ಈಗ ಬಂದೂಕು ಹಿಡಿಯುತ್ತಾಳಂತೆ ಅಂತ ಓಣಿಯವರು ನಕ್ಕರು. ಗಂಡ ತೌಸೀಫ್ ನಗಲಿಲ್ಲ. ಹೊಸ ಪಿಸ್ತೂಲು ತಾನೇ ತರಿಸಿಕೊಟ್ಟು, "ಇನ್ಮ್ಯಾಲ ಸಾರಿನಾಗ ಉಪ್ಪು ಕಮ್ಮಿ ಆದ್ರೂ ನಾ ಬಾಯಿ ಬಿಡಂಗಿಲ್ಲ ತಗೋ," ಅಂದ.

ಜಿಲ್ಲಾ ತಂಡದ ಆಯ್ಕೆ ಕಲಬುರಗಿಯಲ್ಲಿ ನಡೆಯುವುದಿತ್ತು. ಹೆಂಗಸರ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಶಗುಫ್ತಾಳಿಗೆ ಆ ಜಾಗ ಬೇಕೇಬೇಕಿತ್ತು. ಈ ವಯಸ್ಸಿನಲ್ಲಿ ಇನ್ನೊಂದು ಸಲ ಯಾರು ಕರೆಯುತ್ತಾರೆ? ದಿನವಿಡೀ ಕಿಟಕಿಯ ಹಿಂದೆ ಕೂತು ಊರವರ ಪ್ರಯಾಣಕ್ಕೆಲ್ಲ ಟಿಕೆಟ್ ಕೊಡುವವಳು, ತಾನೂ ಒಮ್ಮೆ ಎಲ್ಲಿಗಾದರೂ ಹೊರಡಬೇಕು ಅನ್ನುವ ಹಟ ಹಿಡಿದಿದ್ದಳು.

ಜಗದೇವಪ್ಪನಿಗೆ ಮೊದಲು ಇದು ಹೊಸಬರ ಮಾಮೂಲಿ ಕಾಯಿಲೆ ಅನಿಸಿತ್ತು. ಬಲಗೈಯವರು ಕಲಿಯುವಾಗ ಟ್ರಿಗರನ್ನು ಒತ್ತುವುದಿಲ್ಲ, ಕಿತ್ತುಕೊಳ್ಳುತ್ತಾರೆ. ಇಡೀ ಮುಷ್ಟಿ ಬಿಗಿಯಾಗಿ ನಳಿಗೆ ಎಡಕ್ಕೆ ವಾಲುತ್ತದೆ. ಅದಕ್ಕೆ ಅವನ ಹತ್ತಿರ ಔಷಧಿಗಳಿದ್ದವು. ಬೆರಳಿನ ಗಿಣ್ಣು ಬೇಡ, ತುದಿಯ ಮೆತ್ತನೆ ಭಾಗ ಇಡು ಅಂದ. ಛರ್ರಾ ಹಾಕದೆ ನಳಿಗೆಯ ಮೇಲೆ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಒತ್ತು ಅಂದ. ಉಸಿರು ಅರ್ಧ ಬಿಟ್ಟು ಹಿಡಿ, ದೂರದ ಗೋಲ ಮಂಜಾದರೆ ಆಗಲಿ, ಕಣ್ಣು ಪಿಸ್ತೂಲಿನ ಮುಂದಿನ ಮೊನೆಯ ಮೇಲಿರಲಿ ಅಂದ. ಶಗುಫ್ತಾ ಎಲ್ಲ ಮಾಡಿದಳು. ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿಸುವಷ್ಟು ಹೊತ್ತು ಗೋಡೆಗೆ ಗುರಿಯಿಟ್ಟು ನಿಂತಳು. ನಾಣ್ಯ ಬೀಳುತ್ತಿರಲಿಲ್ಲ. ಛರ್ರಾ ಮಾತ್ರ ಎಡಕ್ಕೇ ಹೋಗುತ್ತಿತ್ತು.

ಒಂದು ದಿನ ಜಗದೇವಪ್ಪ ಒಂದು ಆಟ ಕಟ್ಟಿದ. ತಾನೇ ಪಿಸ್ತೂಲು ತುಂಬಿ ಕೊಡುವುದು. ಒಮ್ಮೆ ಛರ್ರಾ ಹಾಕುವುದು, ಒಮ್ಮೆ ಹಾಕಿದಂತೆ ಮಾಡಿ ಖಾಲಿ ಕೊಡುವುದು. ಹೆದರುವ ಕೈಯಾದರೆ ಖಾಲಿ ಪಿಸ್ತೂಲಿನಲ್ಲಿ ಜಿಗಿದು ಸಿಕ್ಕಿಬೀಳುತ್ತದೆ. ಅವನು ಪಕ್ಕದಲ್ಲಿ ಬಗ್ಗಿ ಅವಳ ಮಣಿಕಟ್ಟನ್ನೇ ನೋಡುತ್ತ ನಿಂತ. ಕೈ ಜಿಗಿಯಲಿಲ್ಲ. ಟ್ರಿಗರ್ ಒತ್ತಿದ ಕ್ಷಣಕ್ಕೆ ಸರಿಯಾಗಿ ಮಣಿಕಟ್ಟು ಒಂಚೂರೇ ಚೂರು ಎಡಕ್ಕೆ ಸರಿಯಿತು. ಮೆಲ್ಲಗೆ, ನಿರಾಳವಾಗಿ, ನಿದ್ದೆಯಲ್ಲಿ ಮಗ್ಗುಲಾದ ಹಾಗೆ.

"ಇದು ಅಂಜಿಕಿ ಅಲ್ಲ," ಅಂದ ಜಗದೇವಪ್ಪ ನೆಟ್ಟಗಾಗಿ. "ಇದು ಕಲಿಸಿದ್ದು. ಖರೇ ಹೇಳು, ನಿನಗ ಮೊದಲ ಯಾರು ಕಲಿಸ್ಯಾರ?"

"ನಮ್ಮ ಅಬ್ಬಾ," ಅಂದಳು ಶಗುಫ್ತಾ.

ಅವಳ ಅಬ್ಬಾ ಚಾಂದ್‌ಸಾಹೇಬ ಜಾತ್ರೆ ಸಂತೆಗಳಲ್ಲಿ ಫುಗ್ಗಾ, ಅಂದರೆ ಬಲೂನು, ಹೊಡೆಸುವವನು. ಹಲಗೆಗೆ ಬಣ್ಣಬಣ್ಣದ ಫುಗ್ಗಾ ಕಟ್ಟಿ, ಒಂದು ಛರ್ರಾ ಬಂದೂಕು ಇಟ್ಟುಕೊಂಡು, ಚಿತ್ತಾಪುರದ ಬಜಾರು, ಸೇಡಂ ಸಂತೆ, ಶಹಾಬಾದಿನ ಉರುಸು, ಚಿಂಚೋಳಿ ಕಡೆಯ ಐನಾಪುರದ ತನಕ ತಿರುಗಿದ ಮನುಷ್ಯ. ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲಿ ಚಾಂದ್‌ಸಾಹೇಬನ ಹಲಗೆ. "ಬರ್ರಿ ಬರ್ರಿ, ಕಣ್ಣಿದ್ದವರು ಬರ್ರಿ, ಹೆಂಡ್ತಿಗೆ ಅಂಜೋರು ಮೊದಲ ಬರ್ರಿ!" ಅಂತ ಅವನು ಕೂಗಿದರೆ ಎಂಥ ಬಿಗಿಮುಖದವನೂ ನಕ್ಕು ಒಂದು ಛರ್ರಾ ಹೊಡೆದೇ ಹೋಗುತ್ತಿದ್ದ. ಹೊಡೆದವರಿಗೆ ಫುಗ್ಗಾ ಒಡೆಯುತ್ತಿರಲಿಲ್ಲ, ಅದು ಬೇರೆ ಮಾತು. ಜನ ಸೋತು ಬೇಜಾರಾಗುವ ಹೊತ್ತಿಗೆ ಅವನು ಮಗಳನ್ನು ಸ್ಟೂಲಿನ ಮೇಲೆ ಹತ್ತಿಸುತ್ತಿದ್ದ. ಎರಡು ಜಡೆ, ಕಾಡಿಗೆ, ಹರಿದ ಚಪ್ಪಲಿಯ ಪುಟ್ಟ ಶಗುಫ್ತಾ ತನಗಿಂತ ಉದ್ದದ ಬಂದೂಕು ಎತ್ತಿ, ಫಟ್, ಫಟ್ ಅಂತ ಸಾಲಾಗಿ ಒಡೆಯುತ್ತಿದ್ದಳು. "ಅಯ್ಯಯ್ಯ, ಹುಡುಗಿ ಹೊಡೀತದ, ನಮ್ಮ ಮೀಸಿಗೇನು ಬಂತು!" ಅಂತ ಗಂಡಸರು ಮತ್ತೆ ಮುಗಿಬೀಳುತ್ತಿದ್ದರು.

ಗುರಿಯಿಡುವಾಗ ಅಬ್ಬಾ ಹಿಂದೆ ನಿಂತಿರುತ್ತಿದ್ದ. ಬೀಡಿ, ಅತ್ತರು ಎರಡೂ ಸೇರಿದ ವಾಸನೆ ಬರುತ್ತಿತ್ತು. ಅವಳ ಮೊಣಕೈಗೆ ಅಂಗೈ ಆಸರೆ ಕೊಟ್ಟು, ಯಾರಿಗೂ ಕೇಳದ ಹಾಗೆ ಕಿವಿಯಲ್ಲಿ, "ಜರಾ ಎಡಕ್ಕ ಜಗ್ಗು ಬೇಟಾ. ಹೊಡಿಯೂ ಮುಂದ, ಜರಾ ಅಷ್ಟ," ಅನ್ನುತ್ತಿದ್ದ. ಗುರಿ ಹೊಡೆಯುವುದೆಂದರೆ ಹಾಗೆಯೇ ಅಂತ ಅವಳು ತಿಳಿದಿದ್ದಳು. ಅನ್ನಕ್ಕೆ ಉಪ್ಪು ಹಾಕುವ ಹಾಗೆ, ಬಂದೂಕಿಗೆ ಒಂದು ಎಡ ಜಗ್ಗು.

ಇದನ್ನೆಲ್ಲ ಕೇಳಿದ ಜಗದೇವಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ನಿಮ್ಮಪ್ಪನ ಬಂದೂಕಿನ ನಳಗಿ ಸೊಟ್ಟ ಇತ್ತು! ಬಲಕ್ಕ ಹೊಡೀತಿತ್ತು. ಅದಕ್ಕ ಮಂದಿ ಸೋಲ್ತಿದ್ರು. ನಿನಗೊಬ್ಬಾಕಿಗಿ ಅದರ ಗುಟ್ಟು ಹೇಳ್ಯಾನ!"

ಶಗುಫ್ತಾಳ ಮುಖ ಕೆಂಪಾಯಿತು. "ನಮ್ಮ ಅಬ್ಬಾ ಅಂಥವರಲ್ಲರಿ ಸರ್. ಐದು ಹೊತ್ತಿನ ನಮಾಜು ಮಾಡೋರು. ಮಂದಿಗಿ ಮೋಸ ಮಾಡೋರಲ್ಲ," ಅಂದು ಪಿಸ್ತೂಲು ಪೆಟ್ಟಿಗೆಗೆ ಹಾಕಿದಳು. ಜಗದೇವಪ್ಪನ ನಗು ಅಲ್ಲಿಗೇ ನಿಂತಿತು.

"ಸಿಟ್ಟಾಗಬ್ಯಾಡ," ಅಂದ ಅವನು ತಗ್ಗಿದ ದನಿಯಲ್ಲಿ. "ಬೇಕಾದ್ರ ಒಂದು ದಾರಿ ಅದ. ಪಿಸ್ತೂಲಿನ ಮ್ಯಾಲ ಗುರಿ ಹೊಂದಸೋ ತಿರುಪು ಅದ ನೋಡು, ಅದನ್ನ ತಿರುವಿಬಿಟ್ರ ಇದೂ ನಿಮ್ಮಪ್ಪನ ಬಂದೂಕಿನಂಗ ಸೊಟ್ಟ ಆಗ್ತದ. ನೀ ಹಂಗೇ ಜಗ್ಗು, ನಡುವಿಗಿ ಬೀಳ್ತದ. ಆದ್ರ ಜಗ್ಗೂ ಕೈನ ನಂಬಲಿಕ್ಕಾಗಲ್ಲ. ಎದಿ ಢವಢವ ಅಂದ ದಿನ ಅದು ಎಷ್ಟು ಜಗ್ಗತದೋ ಯಾರಿಗಿ ಗೊತ್ತು. ಇಲ್ಲಾ ಅಂದ್ರ ಕೈ ಆ ಜಗ್ಗೋದನ್ನ ಮರೀಬೇಕು. ಯಾವ್ದು ಅಂತ ನೀನೇ ಹೇಳು."

ಶಗುಫ್ತಾ ಪೆಟ್ಟಿಗೆ ಎತ್ತಿಕೊಂಡು ವಾಡಿಯ ಗಾಡಿ ಹತ್ತಿದಳು.

ಮನೆಗೆ ಬಂದು ನೋಡಿದರೆ ಅವಳ ತಾಯಿ ಇಮಾಮ್ಬೀ ಅಂಗಳದ ಫರಸಿಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಚಾಂದ್‌ಸಾಹೇಬ ತೀರಿಕೊಂಡ ಮೇಲೆ ಅವಳು ಮಗಳ ಮನೆಯಲ್ಲೇ ಇದ್ದಳು. ತಾಯಿ ಮಗಳ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಪೂರಾ ಕನ್ನಡ.

"ಅಮ್ಮಿ, ಅಬ್ಬಾನ ಬಂದೂಕು ಸೊಟ್ಟ ಇತ್ತೇನು?"

ಇಮಾಮ್ಬೀ ತಲೆಯೆತ್ತಲೇ ಇಲ್ಲ. "ಇತ್ತೇನು ಅಂದ್ರ? ನನ್ನ ಎದುರಿಗೇ ನಮ್ಮ ಬಾಗಿಲ ಸಂದಿನಾಗ ಸಿಗಿಸಿ ಬಗ್ಗಿಸ್ಯಾರ. ಬಾಗಿಲೂ ಹಾಳಾತು. ನಾ ಬೈದ್ರ ಏನಂದ್ರು ಗೊತ್ತಾ? 'ಛರ್ರಾ ಸೀದಾ ಹೋದ್ರ ನಮ್ಮ ರೊಟ್ಟಿ ಸೊಟ್ಟ ಹೋಗ್ತದ ಇಮಾಮ್,' ಅಂದ್ರು." ಹೇಳುತ್ತ ಹೇಳುತ್ತ ಮುದುಕಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶಗುಫ್ತಾಳಿಗೆ ನಗು ಬರಲಿಲ್ಲ. ಅವಳು ಧೊಪ್ಪನೆ ಪಕ್ಕದಲ್ಲಿ ಕೂತಳು. ಮೋಸ ಅನ್ನುವುದಕ್ಕಿಂತ ಬೇರೆ ಏನೋ ಚುಚ್ಚುತ್ತಿತ್ತು. ಹಲಗೆ ಗೆದ್ದಲು ತಿಂದು ಹೋಗಿತ್ತು. ಬಂದೂಕನ್ನು ಅಣ್ಣ ಕಲೀಮ್ ಯಾವಾಗಲೋ ಗುಜರಿಗೆ ಹಾಕಿದ್ದ. ಅಬ್ಬಾನ ದನಿ ಹೇಗಿತ್ತು ಅಂತ ನೆನೆಸಿಕೊಂಡರೆ ಈಗೀಗ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಉಳಿದದ್ದು ಇದೊಂದೇ, ಮಣಿಕಟ್ಟಿನೊಳಗಿನ ಈ ಚೂರು ಜಗ್ಗು. ಅದು ಅಬ್ಬಾನದು ಅಂತ ಗೊತ್ತಾಗುವ ಹೊತ್ತಿಗೆ ಅದನ್ನೇ ಕಿತ್ತು ಒಗೆಯಬೇಕು ಅನ್ನುತ್ತಿದ್ದಾರೆ.

"ಅಮ್ಮಿ, ಕೈ ಸೀದಾ ಆದ್ರ ಅಬ್ಬಾ ಹೋಗಿಬಿಡ್ತಾರ," ಅಂದಳು. ಅನ್ನುವಾಗಲೇ ಅಳು ಬಂತು. "ತಿರುಪು ತಿರುವಿಬಿಡ್ತೀನಿ. ನನಗ ಸೊಟ್ಟ ಪಿಸ್ತೂಲೇ ಇರಲಿ."

ಇಮಾಮ್ಬೀ ಮೊರ ಬದಿಗಿಟ್ಟಳು. "ಹುಚ್ಚಿ ಅದಿ ನೀ. ಬಂದೂಕು ಬಗ್ಗಿಸಿದ್ದು ಹೊಟ್ಟಿಗಿ. ಆದ್ರ ನಿನಗ ಎಡಕ್ಕ ಜಗ್ಗು ಅಂತ ಹೇಳಿದ್ದು ಯಾಕ? ಕಲೀಮ್‌ಗೂ ಹೇಳಿಲ್ಲ ಅವರು, ನಿನಗಷ್ಟ ಹೇಳಿದ್ದು. ತನ್ನ ಸೊಟ್ಟ ಬಂದೂಕಿಗಿ ಲೋಕ ಸೋಲಲಿ, ಮಗಳು ಸೋಲಬಾರದು ಅಂತ. ಈಗ ನಿನ್ನ ಕೈಯಾಗ ಸೀದಾ ಬಂದೂಕು ಅದ. ಅವರಿದ್ದಿದ್ರ ಹಿಂದ ನಿಂತು ಏನಂತಿದ್ರು ಹೇಳು?"

ಶಗುಫ್ತಾ ಮೊರದ ಬೇಳೆಯಲ್ಲಿ ಕೈಯಾಡಿಸಿದಳು. ಆಮೇಲೆ, "ಜಗ್ಗಬ್ಯಾಡ ಬೇಟಾ ಅಂತಿದ್ರು," ಅಂದಳು.

ಮರುದಿನ ಅವಳು ತಿರುಪಿಗೆ ಕೈ ಹಾಕಲಿಲ್ಲ. ಜಗದೇವಪ್ಪ ಗೋಲವನ್ನೇ ತೆಗೆದುಹಾಕಿ ಬಿಳೀ ಕಾಗದ ಅಂಟಿಸಿದ. ಗುರಿ ಇಲ್ಲದಿದ್ದರೆ ಗೆಲ್ಲುವ ಆತುರವಿಲ್ಲ, ಆತುರವಿಲ್ಲದಿದ್ದರೆ ಜಗ್ಗುವ ಕೆಲಸವಿಲ್ಲ. ಬಿಳೀ ಕಾಗದಕ್ಕೆ ಹೊಡೆದೂ ಹೊಡೆದೂ ಅವಳ ಭುಜ ಬಾತುಕೊಂಡಿತು. ಕೈ ಬೇಸರಪಟ್ಟಿತು, ಮುನಿಸಿಕೊಂಡಿತು; ಎಡಕ್ಕೆ ಬೇಡ ಅಂದರೆ ಕೆಲವು ದಿನ ಬಲಕ್ಕೆ ಹೋಯಿತು. "ಬರ್ತದ, ಬರ್ತದ, ಕೈಗಿ ಬೈಬ್ಯಾಡ," ಅನ್ನುತ್ತಿದ್ದ ಜಗದೇವಪ್ಪ. ಮಳೆ ನಿಂತು ರಾವೂರಿನ ಕಲ್ಲುಗಣಿಗಳಲ್ಲಿ ನೀರು ಇಂಗುವ ಹೊತ್ತಿಗೆ ಗೋಲ ಮತ್ತೆ ಕಟ್ಟಿದರು; ಎಡ ಅಂಚಿನ ತೂತು ಕೂದಲೆಳೆ ಕೂದಲೆಳೆ ಸರಿದು ನಡುವಿನ ಮನೆಗೆ ಬಂತು.

ಕಲಬುರಗಿಯಲ್ಲಿ ಅವಳ ಎದೆ ಢವಢವ ಅಂದದ್ದು ನಿಜ. ಪಕ್ಕದಲ್ಲಿ ನಿಂತವರೆಲ್ಲ ಅವಳ ಅರ್ಧ ವಯಸ್ಸಿನ ಹುಡುಗಿಯರು. ಒಬ್ಬಳಂತೂ "ಆಂಟಿ" ಅಂದೇಬಿಟ್ಟಳು. ಆಂಟಿ ಉಸಿರು ಅರ್ಧ ಬಿಟ್ಟಳು, ಮುಂದಿನ ಮೊನೆ ನೋಡಿದಳು, ಬೆರಳು ತಾನಾಗಿ ಒತ್ತಿತು. ಛರ್ರಾ ನಡುವಿಗೆ ಬಿತ್ತು, ಮತ್ತೆ ನಡುವಿಗೆ. ಸಂಜೆ ಹೆಸರು ಕೂಗಿದಾಗ ಉಳಿದಿದ್ದ ಆ ಒಂದು ಜಾಗ ಶಗುಫ್ತಾಳದಾಗಿತ್ತು. ತೌಸೀಫ್ ವಾಡಿ ಸ್ಟೇಷನ್ನಿನ ಮಂದಿಗೆಲ್ಲ ಚಹಾ ಕುಡಿಸಿದ. ನಕ್ಕಿದ್ದ ಓಣಿಯವರೇ ಬಂದು ಪಿಸ್ತೂಲು ಮುಟ್ಟಿ ನೋಡಿ ಹೋದರು.

ಮುಂದಿನ ಭಾನುವಾರ ಅವಳು ಎಲ್ಲರಿಗಿಂತ ಮೊದಲೇ ಗೋದಾಮಿಗೆ ಬಂದಳು. ಮನಸ್ಸಿನಲ್ಲಿ ಒಂದು ಆಸೆ ಇತ್ತು. ಆಯ್ಕೆ ಮುಗಿಯಿತಲ್ಲ, ಇನ್ನು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಒಂದು ಛರ್ರಾ ಅಬ್ಬಾನ ಹಾಗೆ ಹೊಡೆದು, ಆ ಎಡ ಅಂಚಿನ ಜಾಗವನ್ನು ಒಮ್ಮೆ ಮುಟ್ಟಿ ಬರಬೇಕು. ಅಷ್ಟೇ.

ಗೋಲ ಕಟ್ಟಿ ನಿಂತಳು. ಕಣ್ಣು ಮುಚ್ಚಿ ಅತ್ತರು, ಬೀಡಿ, ಮೊಣಕೈ ಕೆಳಗಿನ ಅಂಗೈ ಎಲ್ಲ ನೆನೆಸಿಕೊಂಡಳು. ಕಣ್ಣು ತೆರೆದು ಹೊಡೆದಳು. ನಡುವಿಗೆ ಬಿತ್ತು. ಬೇಕಂತಲೇ ಎಡಕ್ಕೆ ಜಗ್ಗಿ ಹೊಡೆದಳು. ಗೋಲ ಬಿಟ್ಟು ಹೊರಗೆ ಹೋಯಿತು. ಇನ್ನೂ ಸ್ವಲ್ಪ ಕಡಿಮೆ ಜಗ್ಗಿದಳು. ಮೇಲೆ ಹೋಯಿತು. "ಜರಾ, ಜರಾ ಅಷ್ಟ," ಅಂತ ತನಗೆ ತಾನೇ ಹೇಳಿಕೊಂಡಳು. ಆ ಜರಾ ಎಷ್ಟು ಅಂತ ಗೊತ್ತಾಗಲಿಲ್ಲ. ಡಬ್ಬಿಯ ಛರ್ರಾ ಅರ್ಧಕ್ಕೆ ಬಂತು. ಕಾಗದದ ತುಂಬ ತೂತು, ಅಬ್ಬಾನ ಜಾಗದಲ್ಲಿ ಮಾತ್ರ ಒಂದೂ ಇರಲಿಲ್ಲ.

ಅಷ್ಟರಲ್ಲಿ ಜಗದೇವಪ್ಪ ಕೆಮ್ಮುತ್ತ ಒಳಗೆ ಬಂದ. ಕಾಗದ ಬಿಚ್ಚಿ ನೋಡಿ ಗಾಬರಿಯಾದ.

"ಏನವ್ವಾ ಇದು? ಟೀಮಿನಾಗ ಬಂದ ಕೂಡಲೇ ಕೈ ಕೆಟ್ಟಿತೇನು?"

ಶಗುಫ್ತಾ ಪಿಸ್ತೂಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಇಲ್ಲರಿ ಸರ್," ಅಂದಳು. "ಕೈ ಪೂರಾ ಸುಧಾರಿಸ್ಯಾದ." ಅಂದವಳೇ ಧೂಳು ತುಂಬಿದ ಗೋಡೆಗೆ ಮುಖ ಮಾಡಿ, ಅಬ್ಬಾ ತೀರಿಕೊಂಡ ದಿನ ಅತ್ತಿದ್ದಕ್ಕಿಂತ ಹೆಚ್ಚಾಗಿ ಅತ್ತಳು.