ಹಿಲಾರಿಯಾ ಮನೆಯ ಕಂದು ಗಿನಿಪಿಗ್

ನಮ್ಮ ಬೆಟ್ಟದೂರು ಯಾನಾಪಂಪದಲ್ಲಿ ಆಗಸ್ಟ್ ಎಂದರೆ ಮಳೆಯಿಲ್ಲದ ಚಳಿಗಾಲ, ಹೆಂಗಸರ ಬಾಯಲ್ಲಿ ಒಂದೇ ಮಾತು: ಸೊಪ್ಪು ಎಲ್ಲಿ ಸಿಗುತ್ತದೆ? ಹಿಮ ಬಿದ್ದು ಬಿದ್ದು ಗುಡ್ಡದ ಹುಲ್ಲೆಲ್ಲ ಸುಟ್ಟ ಹಾಗಾಗಿರುತ್ತದೆ. ಕಾಲುವೆಯಲ್ಲಿ ನೀರಿರುವುದಿಲ್ಲ. ಕುರಿಗಳನ್ನಾದರೆ ಮೇಲಿನ ಜೌಗಿಗೆ ಅಟ್ಟಿಕೊಂಡು ಹೋಗಬಹುದು. ಅಡುಗೆಮನೆಯ ಮೂಲೆಯಲ್ಲಿ ಸಾರಿಗೆಂದು ಸಾಕಿದ, ಕುಯಿ ಕುಯಿ ಎಂದು ಕೂಗುವ ಗಿನಿಪಿಗ್‌ಗಳನ್ನು ಎಲ್ಲಿಗೆ ಅಟ್ಟುವುದು? ಒಣಗಿದ ಬಾರ್ಲಿ ಹುಲ್ಲು, ಒಂದು ಹಿಡಿ ಹೊಟ್ಟು ಹಾಕಿ ಮಳೆ ಬರುವ ತನಕ ಹೇಗೋ ದಿನ ದೂಡುತ್ತೇವೆ.

ಆ ವರ್ಷ ಹಿಲಾರಿಯಾ ಕೂಡ ಹಾಗೇ ದೂಡುತ್ತಿದ್ದಳು. ಅವಳ ಮನೆಯಲ್ಲಿ ಹನ್ನೊಂದು ಇದ್ದವು. ನಮ್ಮ ಕಡೆ ಅವುಗಳ ಹೆಸರೂ ಕುಯಿ ಎಂದೇ. ಮದುವೆಯಾಗಿ ಬರುವಾಗ ಅವಳ ಅವ್ವ ಬುಟ್ಟಿಯಲ್ಲಿ ಒಂದು ಗಂಡು, ಮೂರು ಹೆಣ್ಣು ಕುಯಿ ಇಟ್ಟು ಕಳಿಸಿದ್ದಳು. ಅದೇ ತಳಿ ಇದು. ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಗುಡ್ಡ ಜರಿದು ಅವ್ವನ ಮನೆ ಕೆಸರಿನಡಿ ಹೋಯಿತು. ಅವ್ವನೂ ಹೋದಳು. ಹದಿನೈದು ದಿನ ಅಗೆದರೂ ಒಂದು ಶಾಲಿನ ಚೂರೂ ಸಿಗಲಿಲ್ಲ. ತವರಿನದು ಎಂದು ಹೇಳಿಕೊಳ್ಳಲು ಹಿಲಾರಿಯಾಳ ಹತ್ತಿರ ಉಳಿದದ್ದು ಈ ಹನ್ನೊಂದು ಜೀವ ಮಾತ್ರ. ಅದನ್ನು ಅವಳು ಯಾರ ಮುಂದೆಯೂ ಆಡುತ್ತಿರಲಿಲ್ಲ. ಬೆಳಿಗ್ಗೆ ಒಲೆ ಹಚ್ಚುವಾಗ ಅವು ಒಟ್ಟಿಗೆ ಕೂಗಿದರೆ, ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದಳು.

ಮೊದಲು ಮಂಕಾದದ್ದು ಕಂದು ಬಣ್ಣದ್ದು. ಅದು ಗಬ್ಬದ ಕುಯಿ. ಮೈಯ ಕೂದಲು ಕೆದರಿ ನಿಂತಿತ್ತು. ಹಿಂಗಾಲು ಎಳೆದುಕೊಂಡು ಗೋಡೆ ಮೂಲೆ ಸೇರಿತು. ಎತ್ತಿಕೊಳ್ಳಲು ಹೋದರೆ ಕಿರುಚಿತು. ಹೊಟ್ಟನ್ನು ಮೂಸಿಯೂ ನೋಡಲಿಲ್ಲ. ಉಳಿದವುಗಳಲ್ಲೂ ಮೊದಲಿನ ಗೆಲುವು ಇರಲಿಲ್ಲ.

ಹಿಲಾರಿಯಾಳ ಅತ್ತೆ ಯೂಲೋಜಿಯಾ ಒಲೆಯ ಪಕ್ಕದ ಕಟ್ಟೆಯ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಗಾಳಿ ಸೋಕಿದೆ ಅದಕ್ಕೆ. ಉಸಿರಾಡ್ತಿರೋವಾಗ್ಲೇ ಕುಯ್ದು ಸಾರು ಮಾಡು. ಸತ್ತ್ ಮೇಲೆ ನಾಯಿನೂ ಮೂಸಲ್ಲ" ಎಂದಳು.

"ಗಬ್ಬದ್ದು ಅತ್ತೆ ಅದು."

"ಗಬ್ಬ ಆದ್ರೆ ಸಾಯಲ್ವಾ? ನಿನ್ನ ತವರಿನ ಮಾಲು ಅಂತ ಗಾಜಿನ ಪೆಟ್ಟಿಗೇಲಿಟ್ಟು ಪೂಜೆ ಮಾಡು ಹೋಗು."

ಹಿಲಾರಿಯಾ ಗೋಡೆಯ ಗೂಡಿನ ಕಡೆ ನೋಡಿದಳು. ಗೂಡಿನಲ್ಲಿ ಗಂಡ ತೆಯೋಫಿಲೊನ ಮಾತ್ರೆಗಳಿದ್ದವು. ಅವನಿಗೆ ಹಲ್ಲು ಬಾತು ಕೀವಾದಾಗ ತಂದವು, ಆರು ಮಿಕ್ಕಿದ್ದವು. ಮನುಷ್ಯನ ಕೀವು ಒಣಗಿಸಿದ ಮಾತ್ರೆ ಇಷ್ಟು ಸಣ್ಣ ಪ್ರಾಣಿಯನ್ನು ಗುಣ ಮಾಡದೆ ಇರುತ್ತದೆಯೇ ಎಂದುಕೊಂಡಳು. ಅತ್ತೆ ಹೊರಗೆ ಹೋದಾಗ ಆರನ್ನೂ ಬಿಚ್ಚಿ, ಪುಡಿಯನ್ನು ಹೊಟ್ಟಿಗೆ ಕಲಸಿ ಇಟ್ಟಳು. ಹತ್ತು ಕುಯಿಗಳು ಮುಗಿಬಿದ್ದು ತಿಂದವು. ಕಂದು ಕುಯಿ ಮಾತ್ರ ಮೂಲೆಯಿಂದ ಏಳಲಿಲ್ಲ, ಅಲ್ಲೇ ಬಿದ್ದಿದ್ದ ಒಣಹುಲ್ಲನ್ನು ಆಗೀಗ ಒಂದಿಷ್ಟು ಕಡಿಯುತ್ತಿತ್ತು ಅಷ್ಟೇ.

ಮಾರನೆಯ ದಿನ ಎರಡು ಕುಯಿಗೆ ಭೇದಿ ಶುರುವಾಯಿತು. ಮೂರನೆಯ ದಿನ ನಾಲ್ಕು ಸತ್ತವು. ಐದನೆಯ ದಿನದ ಹೊತ್ತಿಗೆ ಹತ್ತೂ ಮುಗಿದವು. ಹಿಲಾರಿಯಾ ಅವನ್ನು ಗೋಣಿಚೀಲಕ್ಕೆ ತುಂಬಿ ಊರ ಹೊರಗಿನ ಕೊರಕಲಿಗೆ ಎಸೆದು ಬಂದಳು. ಆರನೆಯ ದಿನ ಬೆಳಿಗ್ಗೆ ಒಲೆ ಹಚ್ಚಿದಾಗ ಅಡುಗೆಮನೆಯಲ್ಲಿ ಸೌದೆಯ ಸದ್ದೊಂದೇ ಇತ್ತು.

ಪಕ್ಕದ ಮನೆಯ ಪ್ಲಾಸಿದಾ ಬಂದದ್ದು ಅವತ್ತೇ. ಅವಳು ಜಿಲ್ಲೆಯ ಪಟ್ಟಣಕ್ಕೆ ಹೋಗಿ ಸಾಕುಪ್ರಾಣಿಗಳ ಆರೈಕೆಯ ತರಬೇತಿ ಪಡೆದು ಬಂದವಳು. ಮನೆಮನೆಗೆ ಹೋಗಿ ಕುಯಿ ನೋಡುವುದು ಅವಳ ಕೆಲಸ. ಊರ ಹೆಂಗಸರು ಬೆನ್ನ ಹಿಂದೆ ಅವಳನ್ನು "ಇಲಿ ಡಾಕ್ಟ್ರಮ್ಮ" ಎನ್ನುತ್ತಿದ್ದರು. ಆ ಹೆಸರು ಇಟ್ಟವಳು ಹಿಲಾರಿಯಾಳೇ. ಅದು ಪ್ಲಾಸಿದಾಳಿಗೂ ಗೊತ್ತಿತ್ತು.

"ಏನಕ್ಕ, ನಿಮ್ಮನೇಲಿ ಸದ್ದೇ ಇಲ್ವಲ್ಲ" ಎಂದಳು ಬಾಗಿಲಲ್ಲಿ ನಿಂತು.

"ಐದೇ ದಿನದಲ್ಲಿ ಭೇದಿ ಆಗಿ ಹತ್ತೂ ಸತ್ತ್ವು. ಒಂದಿದೆ, ಅದೂ ಹೋಗುತ್ತೆ" ಎಂದಳು ಹಿಲಾರಿಯಾ.

ಪ್ಲಾಸಿದಾ ಕೈ ತೊಳೆದು ಬಂದು ನೆಲದ ಮೇಲೆ ಕೂತಳು. ಕಂದು ಕುಯಿಯ ಹೊಟ್ಟೆಗೊಂದು ಕೈ, ಹಿಂಭಾಗಕ್ಕೊಂದು ಕೈ ಕೊಟ್ಟು ಮೆಲ್ಲಗೆ ಎತ್ತಿದಳು. ಮಂಡಿಗಳು ಊದಿದ್ದವು. ತುಟಿ ಬಿಡಿಸಿದರೆ ಒಸಡಿನಲ್ಲಿ ರಕ್ತ.

"ಏನ್ ಹಾಕ್ತಿದ್ರಿ ತಿನ್ನೋಕೆ?"

"ಬಾರ್ಲಿ ಹುಲ್ಲು, ಹೊಟ್ಟು. ಇನ್ನೇನಿದೆ ಈ ಕಾಲದಲ್ಲಿ?"

"ಹಸಿರು ಕೊಟ್ಟು ಎಷ್ಟ್ ದಿನ ಆಯ್ತು?"

ಹಿಲಾರಿಯಾ ಲೆಕ್ಕ ಹಾಕಿದಳು. "ತಿಂಗಳಾಯ್ತೇನೋ."

"ಔಷಧಿ ಏನಾದ್ರೂ ಕೊಟ್ರಾ?"

"ಇಲ್ಲ."

ಕಟ್ಟೆಯ ಮೇಲೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಯೂಲೋಜಿಯಾ ಗೊಣಗಿದಳು: "ಹುಲ್ಲು ತಿನ್ನೋ ಪ್ರಾಣಿಗೆ ಹುಲ್ಲು ಹಾಕಿದ್ರೆ ತಪ್ಪಂತೆ. ಅರವತ್ತು ವರ್ಷದಿಂದ ಸಾಕಿದೀನಿ ನಾನು. ನಿನ್ನ ತರಬೇತಿ ನಿನ್ನೆ ಮೊನ್ನೇದು."

"ಸಾಕಿದೀರಿ ನಿಜ ಅಜ್ಜಿ. ಪ್ರತಿ ಆಗಸ್ಟ್‌ನಲ್ಲಿ ಎಷ್ಟು ಸಾಯ್ತಿದ್ವು?"

ಯೂಲೋಜಿಯಾ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಿದಳು. "ಸಾಯ್ತಿದ್ವು. ಚಳಿಗೆ ಸಾಯ್ತವೆ."

"ಚಳಿ ಒಂದೇ ಅಲ್ಲ ಅಜ್ಜಿ" ಎಂದು ಪ್ಲಾಸಿದಾ ಎದ್ದಳು. "ಅಕ್ಕಾ, ಶಾಲು ಹೊದ್ಕೊಳ್ಳಿ. ಡಾಕ್ಟ್ರಿಗೆ ಫೋನ್ ಮಾಡೋಣ."

ನಮ್ಮೂರಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಸ್ಮಶಾನದ ಗೋಡೆಯ ಹತ್ತಿರ ಮಾತ್ರ. ಇಬ್ಬರೂ ಏದುಸಿರು ಬಿಡುತ್ತ ಗುಡ್ಡ ಹತ್ತಿದರು. ಗೋಡೆಯಾಚೆ ಹಿಲಾರಿಯಾಳ ಅವ್ವನ ಹೆಸರಿನ ಶಿಲುಬೆಯೂ ಇತ್ತು. ಅದರಡಿ ಯಾರೂ ಇರಲಿಲ್ಲ. ಪ್ಲಾಸಿದಾ ಪಶುವೈದ್ಯರಿಗೆ ಕಂಡದ್ದನ್ನೆಲ್ಲ ಹೇಳಿದಳು. ಕಾಲು, ಒಸಡು, ಗಬ್ಬ, ಭೇದಿಯಾಗಿ ಸತ್ತ ಹತ್ತು. ಆಮೇಲೆ ಫೋನನ್ನು ಎದೆಗೊತ್ತಿ ಹಿಲಾರಿಯಾಳ ಕಡೆ ತಿರುಗಿದಳು.

"ಕಾಲು ಎಳೆಯೋದಕ್ಕೂ ಭೇದಿಗೂ ತಾಳೆ ಆಗ್ತಿಲ್ಲವಂತೆ ಅಕ್ಕ. ಹತ್ತೂ ಐದೇ ದಿನದಲ್ಲಿ ಹೋಗೋಕೆ ಬೇರೆ ಏನೋ ಆಗಿರ್ಬೇಕಂತೆ. ಅಂಟುರೋಗ ಆದ್ರೆ ಮನೇಲಿರೋ ನಿಮಗೂ ಅಪಾಯ. ಇನ್ನೊಂದ್ಸಲ ಕೇಳಿ ಅಂತಿದಾರೆ. ಏನಾದ್ರೂ ಕೊಟ್ಟಿದ್ರಾ?"

ಹಿಲಾರಿಯಾ ಗೋಡೆಯ ಕಲ್ಲು ನೋಡುತ್ತ ನಿಂತಳು. ಗಾಳಿ ಜೋರಾಗಿತ್ತು. ಸುಳ್ಳನ್ನೇ ಇನ್ನೊಮ್ಮೆ ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ತೆಯೋಫಿಲೊ ಹಲ್ಲಿನ ಮಾತ್ರೆ" ಎಂದಳು. "ಆರಿತ್ತು. ಹೊಟ್ಟಲ್ಲಿ ಕಲಸಿ ಹಾಕ್ದೆ. ಇದೊಂದು ತಿನ್ನಲಿಲ್ಲ."

ಪ್ಲಾಸಿದಾ ಬೈಯಲಿಲ್ಲ. ಫೋನಿನಲ್ಲಿ ಮಾತ್ರೆಯ ಹೆಸರು ಹೇಳಿದಳು, ಬಹಳ ಹೊತ್ತು ಕೇಳಿಸಿಕೊಂಡಳು. ಇಳಿದು ಬರುವಾಗ ನಿಧಾನವಾಗಿ ಬಿಡಿಸಿ ಹೇಳಿದಳು.

"ಕುಯಿ ಹೊಟ್ಟೇಲಿ ಕಣ್ಣಿಗೆ ಕಾಣದ ಜೀವಿಗಳಿರ್ತವೆ ಅಕ್ಕ. ಹುಲ್ಲು ಅರಗಿಸೋದು ಅವೇ. ನಮ್ಮ ಕೀವು ಒಣಗಿಸೋ ಮಾತ್ರೆ ಆ ಒಳ್ಳೇವನ್ನ ಕೊಂದುಬಿಡುತ್ತೆ. ಆಮೇಲೆ ಕೆಟ್ಟವು ಬೆಳೆದು ಹೊಟ್ಟೆ ವಿಷ ಆಗುತ್ತೆ."

"ಅಂದ್ರೆ ನಾನೇ ಕೊಂದೆ."

ಪ್ಲಾಸಿದಾ ಒಂದು ಕಲ್ಲು ದಾಟಿ, ಹಿಲಾರಿಯಾಳಿಗೂ ದಾಟಲು ಕೈ ಕೊಟ್ಟಳು. "ಹೌದು" ಎಂದಳು. "ಆದ್ರೆ ಅವುಗಳಿಗೆ ಮೊದಲೇ ಕಾಯಿಲೆ ಇತ್ತು. ಅದು ಸೊಪ್ಪಿಲ್ಲದ ಕಾಯಿಲೆ. ಕುರಿಗೆ, ನಾಯಿಗೆ ಬೇಕಾದ ಸಿ ಜೀವಸತ್ವ ಅವುಗಳ ಮೈಯಲ್ಲೇ ಆಗುತ್ತೆ. ನಮಗಾಗಲ್ಲ, ಕುಯಿಗೂ ಆಗಲ್ಲ. ದಿನಾ ಹಸಿರಿಂದಾನೇ ಬರ್ಬೇಕು. ವಾರಗಟ್ಟಲೆ ಸಿಗದೇ ಹೋದ್ರೆ ಕಾಲು ಹಿಡಿಯುತ್ತೆ, ಒಸಡಲ್ಲಿ ರಕ್ತ ಬರುತ್ತೆ. ಕಂದು ಕುಯಿ ಉಳಿದ್ರೂ ಉಳೀಬಹುದು ಅಂದ್ರು. ಮರಿಗಳ ಮಾತು ಹೇಳಕ್ಕಾಗಲ್ಲ ಅಂದ್ರು."

ಸತ್ತವನ್ನು ಎಸೆದದ್ದು ಕೇಳಿದ ಪ್ಲಾಸಿದಾ, ಹಾಗೆ ಬಿಡಬಾರದು ಎಂದಳು. ದಾರಿಯಲ್ಲೇ ಕೊರಕಲಿಗೆ ಇಳಿದು ಗೋಣಿಚೀಲ ಹುಡುಕಿದರು. ನಾಯಿಗಳು ಇನ್ನೂ ಎಳೆದಿರಲಿಲ್ಲ. ಮನೆಯಿಂದ ಗುದ್ದಲಿ, ಸುಣ್ಣ ತಂದು ಆಳವಾಗಿ ಗುಂಡಿ ತೋಡಿ, ಸುಣ್ಣ ಎರಚಿ ಮುಚ್ಚಿದರು. ಹಿಲಾರಿಯಾ ಅಳಲಿಲ್ಲ. ಮಣ್ಣು ಗಟ್ಟಿಯಾದ ಮೇಲೂ ತುಳಿಯುತ್ತಲೇ ಇದ್ದಳು.

ಆರೈಕೆ ಅಂದೇ ಶುರುವಾಯಿತು. ಹಳೆಯ ಹಾಸೆಲ್ಲ ಗುಡಿಸಿ ಸುಟ್ಟರು. ಒಲೆಯ ಹೊಗೆ ತಾಗದ, ಗಾಳಿಯೂ ಬೀಸದ ಜಾಗದಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟು, ಒಣಹುಲ್ಲು ಹಾಸಿದರು. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರು. ಡಾಕ್ಟರು ತೂಕ ಕೇಳಿ ಹೇಳಿದ ಲೆಕ್ಕಕ್ಕೆ ಸರಿಯಾಗಿ ಪ್ಲಾಸಿದಾ ಸಿ ಜೀವಸತ್ವದ ಹನಿ ಹಾಕಿದಳು. ಅವಳ ಹೊಲದಲ್ಲಿ, ಊಟೆಯ ಪಕ್ಕ, ಒಂದು ಪಟ್ಟಿ ಕುದುರೆಮೆಂತ್ಯದ ಮೇವು ಹಿಮಕ್ಕೆ ಸಿಗದೆ ಉಳಿದಿತ್ತು. ಅದನ್ನು ಕೊಯ್ದು ತಂದು ನೆರಳಲ್ಲಿ ಬಾಡಿಸಿದಳು.

"ಕೊಯ್ದ ತಕ್ಷಣ ಒದ್ದೆ ಸೊಪ್ಪು ಹಾಕ್ಬೇಡಿ. ಹೊಟ್ಟೆ ಉಬ್ಬರಿಸಿ ಸಾಯ್ತವೆ" ಎಂದಳು.

ಕಂದು ಕುಯಿ ಸೊಪ್ಪನ್ನೂ ಮುಟ್ಟಲಿಲ್ಲ. ಆಗ ಬಾಡಿದ ಎಲೆಯನ್ನು ನುಣ್ಣಗೆ ಅರೆದು, ಉಗುರುಬೆಚ್ಚನೆಯ ನೀರಲ್ಲಿ ಗಂಜಿಯ ಹಾಗೆ ಕಲಸಿ, ಸೂಜಿ ತೆಗೆದ ಸಿರಿಂಜಿಗೆ ತುಂಬಿದರು.

"ಅಂಗಾತ ಮಲಗಿಸ್ಬೇಡಿ ಅಕ್ಕ, ಕೂತ ಹಾಗೇ ಇರ್ಲಿ. ಪಕ್ಕದಿಂದ, ಮುಂದಿನ ಹಲ್ಲಿನ ಹಿಂದೆ ಸಂದಿ ಇದೆಯಲ್ಲ, ಅಲ್ಲಿಂದ. ಒಂದೊಂದೇ ತೊಟ್ಟು. ನುಂಗಿದ್ ಮೇಲೆ ಇನ್ನೊಂದು. ಅವಸರ ಮಾಡಿದ್ರೆ ಉಸಿರಿಗೆ ಹತ್ತುತ್ತೆ. ಎರಡು ಮೂರು ಗಂಟೆಗೊಮ್ಮೆ ಕೊಡ್ಬೇಕು. ಕುಯಿ ಹೊಟ್ಟೆ ಒಂದಿನ ಖಾಲಿ ಇದ್ರೂ ನಿಂತು ಹೋಗುತ್ತೆ."

"ಒಂದು ಇಲಿಗೆ ಇಷ್ಟು ಬಾಣಂತನವಾ" ಎಂದಳು ಯೂಲೋಜಿಯಾ. ಪ್ಲಾಸಿದಾ ಇನ್ನೊಂದು ತೊಟ್ಟು ಕೊಟ್ಟಳು.

ಹಿಲಾರಿಯಾ ಹಿಕ್ಕೆ ಎಣಿಸಲು ಕಲಿತಳು. ಹಿಕ್ಕೆ ಬಿದ್ದರೆ ಹೊಟ್ಟೆ ನಡೆಯುತ್ತಿದೆ ಎಂದರ್ಥ. ಮೊದಲ ದಿನ ನಾಲ್ಕು ಬಿದ್ದವು. ಎರಡನೆಯ ದಿನ ಒಂದೂ ಇಲ್ಲ. ಪ್ಲಾಸಿದಾ ಮತ್ತೆ ಗುಡ್ಡ ಹತ್ತಿ ಕೇಳಿಕೊಂಡು ಬಂದು, ಬೆಚ್ಚನೆಯ ನೀರು ಇನ್ನಷ್ಟು ಕುಡಿಸಿದಳು. ಮೂರನೆಯ ದಿನ ಆರು ಬಿದ್ದವು. ತೆಯೋಫಿಲೊ ಹೊಲದಿಂದ ಬಂದವನು ಹೆಂಡತಿಯ ಕೈಯಿಂದ ಸಿರಿಂಜು ತೆಗೆದುಕೊಂಡು, "ಮಲ್ಕೋ ಹೋಗು, ನಾನ್ ಕೊಡ್ತೀನಿ. ಮಾತ್ರೆ ನಂದೇ ತಾನೆ" ಎಂದ. ಅವನು ಅದರ ಬಗ್ಗೆ ಆಡಿದ್ದು ಅದೊಂದೇ ಮಾತು.

ನಾಲ್ಕನೆಯ ದಿನ ಕಂದು ಕುಯಿ ಮರಿ ಹಾಕಿತು. ಎರಡಿದ್ದವು. ಎರಡೂ ಸತ್ತು ಹುಟ್ಟಿದ್ದವು. ಕೂದಲು, ಉಗುರು ಎಲ್ಲ ಬಂದಿತ್ತು. ತಾಯಿ ಅವನ್ನು ನೆಕ್ಕಿತು, ಮೂತಿಯಿಂದ ತಳ್ಳಿತು, ಮತ್ತೆ ನೆಕ್ಕಿತು. ಹಿಲಾರಿಯಾ ಎತ್ತಿಕೊಳ್ಳಲು ಕೈ ಚಾಚಿ ಹಿಂದೆಗೆದುಕೊಂಡಳು.

ಆಗ ಯೂಲೋಜಿಯಾ ಕಟ್ಟೆಯಿಂದ ಇಳಿದು ಬಂದಳು. ಎರಡು ಮರಿಗಳನ್ನೂ ತನ್ನ ಲಂಗದ ಹಳೆಯ ತುಂಡಿನಲ್ಲಿ ಸುತ್ತಿಕೊಂಡು ಹೊರಗೆ ಹೋದಳು. ತಿರುಗಿ ಬಂದು ಕೈ ತೊಳೆದಳು. ಸೊಸೆಯ ಪಕ್ಕ ನೆಲದ ಮೇಲೆ ಕೂತಳು.

"ನಂದೂ ಸತ್ತಿದ್ವು" ಎಂದಳು. "ನಾನು ಈ ಮನೆಗೆ ಬಂದ ವರ್ಷ, ಹದಿನಾಲ್ಕು ಕುಯಿ. ಕಾಲು ಎಳ್ಕೊಂಡು, ಹಿಂಗೇ. ಗಾಳಿ ಅಂದ್ರು. ನಾನೂ ಗಾಳಿ ಅಂತಾನೇ ನಂಬ್ಕೊಂಡೆ." ಸಿರಿಂಜಿಗೆ ಕೈ ಚಾಚಿದಳು. "ತಾ ಇಲ್ಲಿ, ಹೆಂಗೆ ಕುಡಿಸೋದು ತೋರಿಸು. ರಾತ್ರಿದು ನಾನ್ ನೋಡ್ಕೋತೀನಿ."

ಎಂಟನೆಯ ದಿನ ಕಂದು ಕುಯಿ ತಾನಾಗಿ ಒಂದು ಎಲೆ ಕಚ್ಚಿತು. ಎಲೆ ಅರ್ಧಕ್ಕೆ ಬಿತ್ತು, ಮತ್ತೆ ಕಚ್ಚಿತು. ಹತ್ತನೆಯ ದಿನ ಒಸಡಿನ ರಕ್ತ ನಿಂತಿತ್ತು. ಎರಡು ವಾರಕ್ಕೆ ಪೆಟ್ಟಿಗೆಯಿಂದ ಹೊರಗೆ ಬಂದು ಓಡಾಡಿತು. ಎಡಗಾಲು ಇವತ್ತಿಗೂ ಸ್ವಲ್ಪ ಕುಂಟು. ಮಳೆ ಬಂದ ಮೇಲೆ ಪ್ಲಾಸಿದಾ ತನ್ನ ಮನೆಯ ಒಂದು ಗಂಡು ಕುಯಿ ತಂದು ಬಿಟ್ಟಿದ್ದಾಳೆ. ಇನ್ನೂ ಗಬ್ಬ ಕಟ್ಟಿಲ್ಲ. ಕಟ್ಟುತ್ತದೆಯೋ ಇಲ್ಲವೋ ಡಾಕ್ಟರೂ ಹೇಳಲಾರರು.

ಕಳೆದ ತಿಂಗಳು ತಾಯಂದಿರ ಸಂಘದ ಸಭೆಯಲ್ಲಿ ಹಿಲಾರಿಯಾ ಎದ್ದು ನಿಂತಳು. ಅದುವರೆಗೆ ಸಭೆಯಲ್ಲಿ ಅವಳು ಮಾತಾಡಿದ್ದೇ ಇರಲಿಲ್ಲ. "ಹತ್ತನ್ನ ನಾನೇ ಕೊಂದೆ" ಎಂದು ಶುರು ಮಾಡಿದಳು. ಮಾತ್ರೆ ಹಾಕಿದ್ದು, ಕೊರಕಲಿಗೆ ಎಸೆದದ್ದು, ಸುಳ್ಳು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಪ್ಲಾಸಿದಾಳಿಗೆ ಆ ಅಡ್ಡಹೆಸರು ಇಟ್ಟದ್ದು ತಾನೇ ಎಂದೂ ಹೇಳಿದಳು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಳು ಮೆಲ್ಲಗೆ, "ನಮ್ಮನೇಲೂ ಮಾತ್ರೆ ಹಾಕಿದ್ವಿ" ಎಂದಳು. ಆಮೇಲೆ ಇನ್ನೊಬ್ಬಳು.

ಅಕ್ಕಂದಿರೇ, ಅಮ್ಮಂದಿರೇ, ಈಗ ನಿಮ್ಮ ಅಡುಗೆಮನೆಯ ಮೂಲೆಗೆ ಹೋಗಿ ನೋಡಿ. ಇವತ್ತು ನಿಮ್ಮ ಕುಯಿ ಹಸಿರು ತಿಂದಿದೆಯೇ? ಮಳೆ ಇರುವಾಗಲೇ ನೀರಿನ ಪಕ್ಕ ಒಂದು ಪಟ್ಟಿ ಸೊಪ್ಪು ಬೆಳೆಸಿ, ಇಲ್ಲದವರು ಇದ್ದವರ ಹತ್ತಿರ ಕೇಳಿ. ಕುಯಿ ಮಂಕಾಗಿ ಕೂತರೆ ಆ ದಿನವೇ ಬೇರೆ ಇಡಿ, ಬೆಚ್ಚಗಿಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಕಾಯಿಲೆ ಬಿದ್ದದ್ದನ್ನು ಸಾರು ಮಾಡಬೇಡಿ, ಸತ್ತದ್ದನ್ನು ಎಸೆಯಬೇಡಿ, ಸುಣ್ಣ ಹಾಕಿ ಹೂಳಿ. ನಿಮ್ಮ ಮನೆಯ ಮಾತ್ರೆ ನಿಮಗೇ ಇರಲಿ. ತಿಳಿದವರನ್ನು ಕರೆಯಿರಿ. ಏನು ಕೊಟ್ಟಿರಿ ಎಂದು ಅವರು ಕೇಳಿದರೆ, ನಾಚಿಕೆಯಾದರೂ ಸರಿ, ಮೊದಲ ಸಲ ಕೇಳಿದಾಗಲೇ ನಿಜ ಹೇಳಿಬಿಡಿ.