ವಿಭೂತಿ ದಾಟಿದ ಕಪ್ಪು ಗೆರೆ

ನಾನು ಒಂದು ಜೀಪಿನ ಚಾಸಿ. ಬಣ್ಣದ ಮೈ, ಹೊಳೆಯುವ ದೀಪ, ಬೆಟ್ಟಕ್ಕೆಲ್ಲ ಕೇಳಿಸುವ ಹಾರ್ನು, ಇವೆಲ್ಲ ಮೇಲಿನವರ ವೈಭವ. ಅವನ್ನೆಲ್ಲ ಹೊತ್ತು ಅಡಿಯಲ್ಲಿ ಮಲಗಿರುವ ಉಕ್ಕಿನ ಚೌಕಟ್ಟು ನಾನು. ಜೀಪು ಕೊಳ್ಳಲು ಬಂದವರು ಟಯರಿಗೆ ಒದ್ದು ನೋಡುತ್ತಾರೆ, ಸೀಟಿನ ಮೇಲೆ ಕುಕ್ಕರಿಸಿ ನೋಡುತ್ತಾರೆ. ಬಗ್ಗಿ ನನ್ನನ್ನು ನೋಡಿದವರು ನನ್ನ ಆಯುಷ್ಯದಲ್ಲಿ ನಾಲ್ಕೈದು ಮಂದಿ ಇದ್ದಾರು. ಹಾಗಾಗಿ ನನಗೂ ಜನರ ಮುಖಕ್ಕಿಂತ ಪಾದಗಳ ಪರಿಚಯವೇ ಹೆಚ್ಚು.

ಹುಟ್ಟಿದ್ದು ದೂರದ ಕಾರ್ಖಾನೆಯಲ್ಲಿ. ಎರಡು ಉದ್ದನೆಯ ತೊಲೆ, ನಡುವೆ ಐದು ಅಡ್ಡಪಟ್ಟಿ, ಅಷ್ಟೇ ನನ್ನ ದೇಹ. ಆದರೆ ಅದಕ್ಕೂ ಹಿಂದಿನ ಒಂದು ನೆನಪು ನನಗಿದೆ. ಕೆಂಪು ಗುಡ್ಡವೊಂದರ ಹೊಟ್ಟೆಯಲ್ಲಿ ಮಣ್ಣಾಗಿ ಮಲಗಿದ್ದೆ, ಮೇಲೆ ಎಲ್ಲೋ ಮಳೆ ಬಿದ್ದು ನನ್ನವರೆಗೆ ಇಳಿಯಲು ವರ್ಷಗಳೇ ಹಿಡಿಯುತ್ತಿದ್ದವು. ನಿಜವೋ ಕನಸೋ ಹೇಳಲಾರೆ. ಒಂದು ಗಣಿ ಕಂಪನಿಯವರು ನನ್ನನ್ನು ಸಂಡೂರಿಗೆ ತಂದ ದಿನ, ಅಲ್ಲಿನ ಕೆಂಪು ಧೂಳು ಮೈಗೆ ಮೆತ್ತಿದಾಗ, ತವರಿಗೆ ಬಂದ ಹೆಣ್ಣುಮಗಳಂತೆ ಮೈಮರೆತೆ.

ಕಂಪನಿಯ ಡ್ರೈವರ್ ಹುಸೇನಸಾಬರು ಏಳು ವರ್ಷ ನನ್ನನ್ನು ಆ ಗುಡ್ಡಗಳ ಮೇಲೆ ಓಡಿಸಿದರು. ದಾರಿ ಎಂಬುದು ಹೆಸರಿಗೆ ಮಾತ್ರ. ಒಂದು ಗಾಲಿ ಹೊಂಡದಲ್ಲಿದ್ದರೆ ಇನ್ನೊಂದು ಬಂಡೆಯ ಮೇಲೆ, ನಡುವೆ ನಾನು ಹಿಂಡಿದ ಪಂಚೆಯ ಹಾಗೆ ತಿರುಚಿಕೊಳ್ಳುತ್ತಿದ್ದೆ. ಒಂದು ದಿನ ಹಿಂದಿನ ಎಡಗಾಲಿಯ ಮೇಲೆ, ಸ್ಪ್ರಿಂಗ್ ಪ್ಲೇಟು ಕೂರುವ ಕಡೆ, ಚಿಟ್ ಎಂದಿತು. ಕೂದಲೆಳೆಯಷ್ಟು ಬಿರುಕು.

ಹುಸೇನಸಾಬರು ನನ್ನನ್ನು ಬೆಸುಗೆ ಕೆಲಸದ ಮೌನೇಶಪ್ಪನ ಮನೆಗೆ ತಂದರು. ಮನೆಯ ಅಂಗಳವೇ ಅವನ ಅಂಗಡಿ. ಹುಣಸೆಮರದ ಕೆಳಗೆ ವೆಲ್ಡಿಂಗ್ ಸೆಟ್ಟು, ಪಕ್ಕದಲ್ಲೇ ಅವನ ಹೆಂಡತಿ ವೀರಮ್ಮನ ಒಗೆಯುವ ಕಲ್ಲು. ಮೌನೇಶಪ್ಪ ಆಗಿನ್ನೂ ಮದುವೆಯಾಗಿ ವರ್ಷವಾದವನು, ಕಿಡಿ ಬಿದ್ದು ಬಿದ್ದು ಅವನ ಪಾದದ ತುಂಬ ಕಪ್ಪು ಚುಕ್ಕೆ. ನನ್ನನ್ನು ಕಲ್ಲುಗಳ ಮೇಲೇರಿಸಿ, ಗಾಲಿ ಬಿಚ್ಚಿ, ಬೆಸುಗೆ ಹಾಕಿದ. ಒಳ್ಳೆಯ ಕೈ. ಕೊನೆಯ ಗೆರೆ ಇನ್ನೂ ಕೆಂಪಗೆ ಉರಿಯುತ್ತಿದ್ದಾಗ ಒಳಗಿನಿಂದ ವೀರಮ್ಮ ಚೀರಿದಳು. ದಿನ ತುಂಬಲು ಇನ್ನೂ ಎರಡು ವಾರ ಇತ್ತು.

“ಹುಸೇನಣ್ಣಾ, ಗಾಡಿ ತಗೀರಿ! ಹೊಸಪೇಟಿ ದವಾಖಾನಿಗೆ ಹೋಗಬೇಕು!”

“ಬೆಸುಗಿ ಇನ್ನಾ ಕೆಂಪಗೈತಲ್ಲೋ ಮೌನೇಶ. ಈಗ ಗಾಲಿ ಹಾಕಿದ್ರ ಬಾಗ್ತೈತಿ.”

ಮೌನೇಶಪ್ಪ ಓಡಿಹೋಗಿ ತಾಮ್ರದ ಚೊಂಬಿನಲ್ಲಿ ನೀರು ತಂದು ನನ್ನ ಮೇಲೆ ಹೊಯ್ದ. ಚುಂಯ್ ಎಂದು ಹಬೆ ಎದ್ದಿತು. ಕಾದ ಉಕ್ಕು ತನ್ನಷ್ಟಕ್ಕೆ ತಾನು ಆರಬೇಕು. ನೀರು ಬಿದ್ದರೆ ಒಳಗೊಳಗೇ ಗಾಜಿನಂತೆ ಪೆಡಸಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಇದು ಅವನಿಗೂ ಗೊತ್ತಿತ್ತು. “ನಾಳಿ ಇದನ್ನ ಕಿತ್ತು ಮತ್ತ ಹಾಕ್ತೀನಿ,” ಎಂದ.

ವೀರಮ್ಮನನ್ನು ಹೊತ್ತು ನಾನು ಓಡಿದೆ. ನೋವು ನನಗೂ ಇತ್ತು, ಅವಳ ನೋವಿನ ಮುಂದೆ ಅದು ಯಾವ ಲೆಕ್ಕ? ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಗಾಯತ್ರಿ ಎಂದು ಹೆಸರಿಟ್ಟರು. ಆ ಸಂಭ್ರಮದಲ್ಲಿ ಮೌನೇಶಪ್ಪನಿಗೆ ನಾಳೆಯ ನೆನಪು ಬರುವಷ್ಟರಲ್ಲಿ ಕಂಪನಿ ನನ್ನನ್ನು ಬೇರೆ ಗಣಿಗೆ ಕಳಿಸಿಯಾಗಿತ್ತು.

ಆಮೇಲೆ ಗಣಿ ನಿಂತಿತು. ಟೊಮೆಟೊ ವ್ಯಾಪಾರಿಯೊಬ್ಬ ನನ್ನ ಮೇಲೆ ಬುಟ್ಟಿಗಳನ್ನು ಪೇರಿಸಿದ. ಅವನ ನಂತರ ಮದುವೆಗೆ ಶಾಮಿಯಾನ ಹಾಕುವವನೊಬ್ಬ ಬಂದ. ಹಗಲು ಹೊರೆ, ಇರುಳು ಅದೇ ಕೆಂಪು ಗುಡ್ಡದ ಕನಸು. ಹೀಗೆ ಇಪ್ಪತ್ತೈದು ವರ್ಷ ಕಳೆದ ಮೇಲೆ ಒಂದು ಜೊತೆ ಪಾದಗಳು ನನ್ನ ಮುಂದೆ ನಿಂತವು. ಕಿಡಿ ಬಿದ್ದ ಕಪ್ಪು ಚುಕ್ಕೆಗಳು ಅಲ್ಲೂ ಇದ್ದವು. ಮೌನೇಶಪ್ಪನೇ ಎಂದುಕೊಂಡೆ. ನೋಡಿದರೆ ಬೆರಳಲ್ಲಿ ಕಾಲುಂಗುರ! ಅವಳು ಗಾಯತ್ರಿ. ಅಪ್ಪನಿಂದ ಬೆಸುಗೆ ಕಲಿತವಳು, ಗಂಡನ ಊರು ಬಿಟ್ಟು ಬಂದು ಅಪ್ಪನ ಅಂಗಳದಲ್ಲೇ ದುಡಿಯುತ್ತಿದ್ದವಳು.

ಗಾಡಿ ಕೊಳ್ಳಲು ಮಗಳ ಜೊತೆ ಬಂದಿದ್ದ ಮೌನೇಶಪ್ಪ ನನ್ನ ನಂಬರು ನೋಡಿದ್ದೇ ಮುಖ ತಿರುಗಿಸಿದ. “ಆ ಗಾಡಿ ಬ್ಯಾಡವ್ವಾ.”

“ಯಾಕಪ್ಪಾ?”

ಅವನು ಅಲ್ಲಿಂದ ದೂರ ನಡೆದ. ಜೊತೆಗೆ ಬಂದಿದ್ದ ವೀರಮ್ಮನಿಗೋ ಹಿಗ್ಗೋ ಹಿಗ್ಗು. “ತಗೋ ಮಗಳಽ. ನೀ ಇದರಾಗ ಹುಟ್ಟೂದು ಸ್ವಲ್ಪದಾಗ ತಪ್ಪಿತು!” ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಗುಡ್ಡದ ಮೇಲಿನ ತಾಂಡಾಗಳಿಂದ ದಿನಾ ಬೆಳಿಗ್ಗೆ ಹದಿನಾಲ್ಕು ಮಕ್ಕಳನ್ನು ಶಾಲೆಗೆ ಇಳಿಸುವುದು ನನ್ನ ಹೊಸ ಕೆಲಸ. ಇಷ್ಟು ಹಗುರಾದ ಹೊರೆಯನ್ನು ನಾನು ಹೊತ್ತೇ ಇರಲಿಲ್ಲ, ಇಷ್ಟು ಗಲಾಟೆಯ ಹೊರೆಯನ್ನೂ. ಆದರೆ ಪೆಡಸಾಗಿದ್ದ ಹಳೆಯ ಬೆಸುಗೆಯ ಪಕ್ಕದಲ್ಲಿ ಹೊಸದಾಗಿ ಎದ್ದಿದ್ದ ಬಿರುಕು ಪ್ರತಿ ತಿರುವಿನಲ್ಲೂ ಒಂದಿಷ್ಟು ಮುಂದೆ ಹೋಗುತ್ತಿತ್ತು. ಒಂದು ದಿನ ಇಳಿಜಾರಿನಲ್ಲಿ ನಾನು ತುಂಡಾದರೆ ಈ ಮಕ್ಕಳ ಗತಿ? ನನಗೆ ಬಾಯಿಲ್ಲ. ಕಿರುಗುಟ್ಟಿದೆ. ಗಾಯತ್ರಿ ಗ್ರೀಸು ಹಚ್ಚಿದಳು.

ಐದು ವರ್ಷ, ಪ್ರತಿ ಆಯುಧಪೂಜೆಯ ಹಿಂದಿನ ದಿನ, ಮೌನೇಶಪ್ಪ ತಾನೇ ನನ್ನ ಅಡಿಗೆ ನುಸುಳಿ ಆ ಜಾಗಕ್ಕೆ ದಪ್ಪಗೆ ಕಪ್ಪು ಬಣ್ಣ ಬಳಿಯುತ್ತಿದ್ದ. ಗಾಡಿಯ ಮೇಲೆ ಎಷ್ಟು ಪ್ರೀತಿ ಎಂದು ನೋಡಿದವರು ಹೊಗಳುತ್ತಿದ್ದರು. ಬಳಿಯುವಾಗ ಅವನು ಕಣ್ಣು ಬೇರೆಡೆ ಇಡುತ್ತಿದ್ದ, ಅದು ನನಗೊಬ್ಬನಿಗೇ ಗೊತ್ತು.

ಆರನೆಯ ವರ್ಷ ಅವನಿಗೆ ಕಣ್ಣಿನ ಆಪರೇಷನ್ ಆಯಿತು. ಬಗ್ಗಬಾರದು, ಬೆಸುಗೆಯ ಬೆಳಕು ನೋಡಲೇಬಾರದು ಎಂದರು. ಆ ಸಲ ಬಣ್ಣ ಬೀಳಲಿಲ್ಲ. ಗಾಯತ್ರಿ ಗಾಲಿ ಬಿಚ್ಚಿ, ತಂತಿ ಬ್ರಷ್ಷಿನಿಂದ ಹಳೆಯ ಬಣ್ಣ ಕಿತ್ತು, ಡೀಸೆಲ್ ಹಾಕಿ ನನ್ನನ್ನು ತೊಳೆದಳು. ಮರುದಿನ ಬೆಳಿಗ್ಗೆ ಸುತ್ತಿಗೆ, ಇಕ್ಕಳ, ವೆಲ್ಡಿಂಗ್ ಸೆಟ್ಟು, ಬಣ್ಣದ ಕುಂಚ ಎಲ್ಲವೂ ಚೆಂಡುಹೂವು ಮುಡಿದು ಸಾಲಾಗಿ ಕುಳಿತವು. ವೀರಮ್ಮ ಬಗ್ಗಿ, “ಅವತ್ತು ನನ್ನ ಹೊತ್ತಿದ್ದು ನೀನಽ ಅಲ್ಲೇನು,” ಎನ್ನುತ್ತ ಮೂರು ಬೆರಳಿನಿಂದ ನನಗೆ ವಿಭೂತಿ ಎಳೆದಳು. ಎಳೆದದ್ದು ಆ ಬೆಸುಗೆಯ ಮೇಲೇ.

ಕುಂಬಳಕಾಯಿ ಒಡೆಯುವ ಹೊತ್ತಿಗೆ ಬಿರುಕಿನೊಳಗೆ ಉಳಿದಿದ್ದ ಡೀಸೆಲ್ ಜಿನುಗಿತು. ಬಿಳಿಯ ಮೂರು ಗೆರೆಗಳನ್ನು ಅಡ್ಡಹಾಯ್ದು ಸಣ್ಣ ಕಪ್ಪು ಗೆರೆಯೊಂದು ಮೂಡಿತು.

“ಇದೇನಽ ಇದು?” ಎಂದಳು ವೀರಮ್ಮ.

“ಡೀಸೆಲ್ ಆರಿಲ್ಲ, ಅಷ್ಟಽ ಬಿಡವ್ವಾ,” ಎಂದು ಗಾಯತ್ರಿ ಕಾಯಿ ಒಡೆಯಲು ಹೋದಳು.

ಮೌನೇಶಪ್ಪ ಕಪ್ಪು ಕನ್ನಡಕ ಸರಿಸಿ ನೋಡಿದ. ಸೀದಾ ಹೋಗಿ ಕುಂಚಕ್ಕೆ ಕೈ ಹಾಕಿದ. ಒಂದು ಎಳೆ ಎಳೆದಿದ್ದರೆ ಎಲ್ಲ ಮುಚ್ಚಿಹೋಗುತ್ತಿತ್ತು.

“ಏನ್ರೀ, ಇವತ್ತು ಆಯುಧ ಎತ್ತಬಾರ್ದು,” ವೀರಮ್ಮ ಗದರಿದಳು. “ಕುಂಚಾನೂ ಪೂಜಿಗಿ ಕುಂತೈತಿ.”

ಕೈ ಹಿಂದೆ ಬಂತು. ಅವನು ನನ್ನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟ. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಗಾಯತ್ರಿ ಬಂದು ಎದುರು ಕುಳಿತಾಗ ಬಾಯಿಬಿಟ್ಟ.

“ಅದು ಬಿರುಕವ್ವಾ. ನನ್ನ ಕೈದು. ನೀ ಹುಟ್ಟಿದ ದಿನ ಕೆಂಪ ಬೆಸುಗಿಗಿ ನೀರು ಹೊಯ್ದಿದ್ದೆ. ಐದು ವರ್ಷದಿಂದ ಅದರ ಮ್ಯಾಲೆ ಬಣ್ಣಾ ಬಳಕೊಂತ ಬಂದೀನಿ.”

ಗಾಯತ್ರಿಯ ಪಾದಗಳು ಅಲ್ಲಾಡಲಿಲ್ಲ. “ಹದಿನಾಕು ಹುಡುಗರು ಕೂಡ್ತಾವಪ್ಪಾ ಇದರಾಗ. ಒಂದು ಮಾತು ಹೇಳಾಕ ಆಗಲಿಲ್ಲೇನು?”

“ಕಲಿಯೂವಾಗ ನೀ ಒಮ್ಮೆ ಬೆಸುಗಿಗಿ ನೀರು ಹಾಕಿದ್ದಕ್ಕ ನಾ ನಿನಗ ಹೊಡೆದಿದ್ದೆ. ಯಾವ ಮುಖ ಇಟಗೊಂಡು ಹೇಳ್ಲಿ?”

ಅವಳು ಎದ್ದು ಹೋದಳು. ಆದರೂ ನನಗೆ ಎಷ್ಟೋ ವರ್ಷಗಳ ಮೇಲೆ ಹಗುರಾಯಿತು.

ವಿಜಯದಶಮಿಯ ಬೆಳಿಗ್ಗೆ ಗಾಯತ್ರಿ ಬ್ಯಾಟರಿಯ ತಂತಿ ಬಿಚ್ಚಿದಳು. ಬಿರುಕು ಮುಂದೆ ಓಡದಂತೆ ಅದರ ತುದಿಗೆ ಸಣ್ಣ ತೂತು ಕೊರೆದಳು, ಹಳೆಯ ಬೆಸುಗೆಯನ್ನು ಬೇರುಸಹಿತ ಉಜ್ಜಿ ತೆಗೆದಳು. ಮೌನೇಶಪ್ಪ ಕರೆಯದೇ ಬಂದು ಗೋಡೆಗೆ ಮುಖ ಮಾಡಿ ಕುಳಿತ. ಬೆಳಕು ನೋಡುವಂತಿಲ್ಲ, ಕಿವಿ ಮಾತ್ರ ನನ್ನ ಕಡೆ.

“ಮೆಣಸಿನಕಾಯಿ ಬಜ್ಜಿ ಕರಿಯೂ ಸದ್ದು ಬರಬೇಕು,” ಎಂದ. ಸ್ವಲ್ಪ ಹೊತ್ತಿಗೆ, “ಈಗ ಕೈ ದೂರ ಆತು ನೋಡು, ಹತ್ತರ ಹಿಡಿ.”

ಅವಳು ಕೈ ಹತ್ತಿರ ತಂದಳು. ನಾನು ಕರಗಿದೆ. ಕರಗುವಾಗ ಕೆಂಪು ಗುಡ್ಡ ಮತ್ತೆ ಕಂಡಿತು, ಮೇಲೆ ಎಲ್ಲೋ ಮಳೆ. ಗಟ್ಟಿಯಾಗುವಾಗ ಹುಣಸೆಮರದ ನೆರಳು ಮರಳಿತು.

ಮುಗಿಸಿ ಅವಳು ಮುಖವಾಡ ಎತ್ತಿದಳು. ಬೆಸುಗೆ ಇನ್ನೂ ಕೆಂಪಗಿತ್ತು. ಆಗ ವೀರಮ್ಮ ಒಳಗಿನಿಂದ ಬಂದಳು, ಕೈಯಲ್ಲಿ ಅದೇ ತಾಮ್ರದ ಚೊಂಬು. ಮೌನೇಶಪ್ಪ ತಿರುಗಿದವನೇ ಎದ್ದು, ಎರಡೂ ಕೈ ಅಡ್ಡ ಹಿಡಿದು ನನ್ನ ಮುಂದೆ ನಿಂತ. “ಬ್ಯಾಡ! ನೀರು ಬ್ಯಾಡ!”

“ಅಯ್ಯ, ಮಗಳಿಗಿ ಕುಡಿಯಾಕ ತಂದೀನ್ರಿ!”

ಗಾಯತ್ರಿಗೆ ನಗು ತಡೆಯಲಾಗಲಿಲ್ಲ. ಅರ್ಧ ಕುಡಿದು, ಉಳಿದದ್ದನ್ನು ಅಪ್ಪನ ಕೈಗಿಟ್ಟಳು. ಅವನು ಎತ್ತಿ ಕುಡಿಯುವಾಗ ಒಂದಿಷ್ಟು ನೀರು ಅವನ ಕಪ್ಪು ಚುಕ್ಕೆಯ ಪಾದಗಳ ಮೇಲೆ ಚೆಲ್ಲಿತು. ನಾನು ಸಂಜೆಯವರೆಗೆ ನನ್ನಷ್ಟಕ್ಕೆ ಆರಿದೆ.

ಆಮೇಲೆ ಏಳು ವರ್ಷ ಮಕ್ಕಳನ್ನು ಹೊತ್ತೆ. ಈಗ ಗಾಯತ್ರಿಯ ಬಳಿ ಹೊಸ ಗಾಡಿ ಇದೆ. ನನ್ನ ಮೈ, ದೀಪ, ಹಾರ್ನು ಒಂದೊಂದಾಗಿ ಹೋದವು. ಗುಜರಿಯವನು ಎರಡು ಸಲ ಬಂದು ಬರಿಗೈಲಿ ಹೋದ. ಹುಣಸೆಮರದ ಕೆಳಗೆ ಮಲಗಿರುವ ನನ್ನ ತೊಲೆಯ ಮೇಲೆ ಕೋಳಿಗಳು ಕೂರುತ್ತವೆ, ಸಂಜೆ ಮೌನೇಶಪ್ಪನೂ ಕೂರುತ್ತಾನೆ. ಯಾವತ್ತಾದರೂ ಕರಗಿ ಮತ್ತೆ ಇನ್ನೇನೋ ಆಗುತ್ತೇನೆ, ಆ ಭಯ ನನಗಿಲ್ಲ.

ಓಡದ ನನಗೂ ಆಯುಧಪೂಜೆ ತಪ್ಪಿಲ್ಲ. ಹಿಂದಿನ ದಿನ ಗಾಯತ್ರಿ ಡೀಸೆಲ್ ಹಾಕಿ ತೊಳೆಯುತ್ತಾಳೆ, ಆ ಬೆಸುಗೆಗೆ ಬಣ್ಣ ಮಾತ್ರ ಹಚ್ಚುವುದಿಲ್ಲ. ವೀರಮ್ಮ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾಳೆ. ಮಧ್ಯಾಹ್ನದವರೆಗೆ ಮೂವರೂ ಸರದಿಯ ಮೇಲೆ ಬಂದು ಬಗ್ಗಿ ನನ್ನನ್ನು ನೋಡುತ್ತಾರೆ. ವಿಭೂತಿ ಬೆಳ್ಳಗೇ ಇರುತ್ತದೆ.